ಎರಡು ಸೂರ್ಯರ ಬೆಟ್ಟ

ಈಗ ಹೇಳಹೊರಟಿರುವುದು ಅಪ್ಪಟ ನಿಜವಾದ ಕಥೆ. ಬೇಕಾದರೆ ಫೋಟೋ ಸಾಕ್ಷಿ ಕೊಡುತ್ತೇನೆ. ಫೋಟೋ ಮಾತ್ರ ಸುಳ್ಳು.

ಫೋಟೋ ತೆಗೆದವನು ನಾನೇ ಆದ್ದರಿಂದ ಸುಳ್ಳಿನ ಗುಣಮಟ್ಟಕ್ಕೆ ನಾನೇ ಜವಾಬ್ದಾರ. ಏಳಂತಸ್ತಿನ ಒಂದು ಹಳೇ ಕಟ್ಟಡದ ಐದನೇ ಮಹಡಿಯಲ್ಲಿ ನನ್ನ ಸ್ಟುಡಿಯೋ ಇದೆ. ಮೂರನೇ ಮಹಡಿಯಲ್ಲಿ ಹಲ್ಲಿನ ಡಾಕ್ಟರು. ನೆಲಮಹಡಿಯಲ್ಲಿ, ಮೆಟ್ಟಿಲಿನ ಹೊಟ್ಟೆಯೊಳಗೆ, ಗಡಿಯಾರ ರಿಪೇರಿ ಮಾಡುವ ಗಡಿಯಾರಣ್ಣ. ನಮ್ಮೆಲ್ಲರನ್ನೂ ಒಂದು ಹಗ್ಗದಲ್ಲಿ ಕಟ್ಟಿ ಮೇಲೆ ಕೆಳಗೆ ಎಳೆಯುವುದು ಕಟ್ಟಡದ ಲಿಫ್ಟು. ಆ ಲಿಫ್ಟಿನ ಜಾಲರಿ ಬಾಗಿಲೆಳೆದು, ಹಿತ್ತಾಳೆ ಹಿಡಿಕೆ ತಿರುಗಿಸಿ, ಮೂಲೆಯ ಸ್ಟೂಲಿನ ಮೇಲೆ ಕೂತು ಜನರನ್ನು ಮೇಲಕ್ಕೆತ್ತುವವನೇ ನಮ್ಮ ಗೆಳೆಯ ಗಿರಿರಾಯ.

ಗಿರಿರಾಯ ಅವನ ಹೆಸರಲ್ಲ, ಬಿರುದು. ಅವನು ಈ ಕೆಲಸಕ್ಕೆ ಸೇರಿದಾಗಿನಿಂದ ಹತ್ತಿದ ಎತ್ತರವನ್ನೆಲ್ಲ ಕೂಡಿಸಿದರೆ ಜಗತ್ತಿನ ಯಾವ ಪರ್ವತಾರೋಹಿಯೂ ಅವನ ಮೊಣಕಾಲಿಗೆ ಬರುವುದಿಲ್ಲ. ಮೊಣಕಾಲನ್ನು ಒಮ್ಮೆಯೂ ಬಳಸದೆ ಅಷ್ಟು ಹತ್ತಿದ್ದು ಇನ್ನೂ ದೊಡ್ಡ ಸಾಧನೆ. ಲಿಫ್ಟು ಕೆಟ್ಟ ದಿನ ಅವನು ಒಂದನೇ ಮಹಡಿಗೂ ಹೋಗುವುದಿಲ್ಲ. "ಮೆಟ್ಟಿಲು ಅಂದ್ರೆ ನನ್ನ ವೃತ್ತಿಗೆ ಅವಮಾನ ಕಣೋ" ಅನ್ನುತ್ತಾನೆ.

ಬಿರುದು ಬಂದದ್ದು ಫೋಟೋದಿಂದ. ಎಂಟು ವರ್ಷದ ಹಿಂದೆ ಅವನಿಗೆ ಹೆಣ್ಣು ನೋಡುತ್ತಿದ್ದರು. ಹುಡುಗಿಯ ಕಡೆಯವರು ಒಂದು ಫೋಟೋ ಕಳಿಸಿ ಅಂದರು. ಯಾರದೋ ಬೂಟು ಎರವಲು ಹಾಕಿಕೊಂಡು, ಕೂದಲಿಗೆ ನೀರು ಬಳಿದುಕೊಂಡು ಸ್ಟುಡಿಯೋಕ್ಕೆ ಬಂದ. ಆ ಕಾಲಕ್ಕೆ ನನ್ನಲ್ಲಿ ಬಣ್ಣ ಬಳಿದ ಮೂರು ಪರದೆಗಳಿದ್ದವು: ಸಮುದ್ರ, ಅರಮನೆಯ ಮೆಟ್ಟಿಲು, ಬೆಟ್ಟ.

"ಯಾವುದು ಇಳಿಸ್ಲಿ?" ಅಂದೆ.

"ಸಮುದ್ರ ಬೇಡ. ಈಜು ಬರುತ್ತಾ ಅಂತ ಕೇಳ್ತಾರೆ. ಮೆಟ್ಟಿಲು ಬೇಡವೇ ಬೇಡ, ಹತ್ತಿ ತೋರಿಸು ಅಂದ್ರೆ ಕಷ್ಟ. ಬೆಟ್ಟ ಹಾಕು. ಹತ್ತಿ ತೋರಿಸು ಅಂತ ಯಾರೂ ಮನೆಗೆ ಬೆಟ್ಟ ಹೊತ್ತು ತರಲ್ಲ."

ಬೆಟ್ಟದ ಪರದೆ ಬರೆದವರು ನನ್ನ ಸೋದರಮಾವ, ಅಂಗಡಿ ಬೋರ್ಡು ಬರೆಯುವ ಕಲಾವಿದರು. ಎಲೆಯೆಲ್ಲ ಕೆಂಪಾದ ಒಂದು ಸೊಟ್ಟ ಮರ, ಒಂದು ನೀಲಿ ಕೆರೆ, ಹಿಂದೆ ಶಿಖರ, ಆಕಾಶದಲ್ಲಿ ಎರಡು ಹಕ್ಕಿ. ಸೀನು ಬರೆಯುವಾಗ ಮಾವನಿಗೆ ಸೀನು ಬಂದು ಎರಡನೇ ಹಕ್ಕಿ ಊದಿಕೊಂಡು ಕೋಳಿಯಷ್ಟು ದಪ್ಪಗಾಯಿತು. ಗಿರಿರಾಯ ಅದರ ಮುಂದೆ ಒಂದು ಕಾಲು ಮುಂದಿಟ್ಟು, ಬಟ್ಟೆ ಕಿತ್ತ ನನ್ನ ಕೊಡೆಯನ್ನೂರಿಕೊಂಡು, ದಿಗಂತ ನೋಡುವವನಂತೆ ಸ್ವಿಚ್ ಬೋರ್ಡನ್ನು ನೋಡಿದ. ನಾನು ದೀಪ ಹಾಕಿ ಗುಂಡಿ ಒತ್ತಿದೆ. ಕೆಳಗಿನಿಂದ ಯಾರೋ ಲಿಫ್ಟಿನ ಗಂಟೆ ಬಾರಿಸಿದ್ದರಿಂದ ಪರ್ವತಾರೋಹಿ ಓಡಿಹೋದ.

ಹುಡುಗಿಯ ಅಪ್ಪ ಭೂಮಾಪನ ಇಲಾಖೆಯ ಅಧಿಕಾರಿ. ಆಯುಷ್ಯವೆಲ್ಲ ಸರಪಳಿ ಹಿಡಿದು ಬೆಟ್ಟಗುಡ್ಡ ಅಳೆದವರು. ಅವರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಹುಡುಗ ಆಗಬಹುದು" ಅಂದರಂತೆ. ಮದುವೆಯಾಯಿತು. ಯಾವ ಬೆಟ್ಟ ಅಂತ ಯಾರೋ ಕೇಳಿದಾಗ ಗಿರಿರಾಯ ಕಿಟಕಿಯಾಚೆ ಸುಮ್ಮನೆ ಕೈ ತೋರಿಸಿದ. ಕೈ ಹೋಗಿ ಊರ ಹೊರಗಿನ ದೊಡ್ಡ ಬೆಟ್ಟಕ್ಕೆ ತಗುಲಿತು.

ಫೋಟೋ ದೊಡ್ಡದಾಗಿ, ಚೌಕಟ್ಟಿನೊಳಗೆ ಕೂತು, ಗಿರಿರಾಯನ ಮನೆಯ ಹಾಲಿಗೆ ಬಂತು. ಅಂದಿನಿಂದ ಆ ಮನೆಯಲ್ಲಿ ಅದರದೇ ಆಡಳಿತ. ಸೋಫಾ ಕೊಳ್ಳುವಾಗ ಅವನಿಗೆ ಕಂದು ಬಣ್ಣ ಬೇಕು ಅನ್ನಿಸಿತ್ತು. ಅವನ ಹೆಂಡತಿ, ನಾವು ಅತ್ತಿಗೆ ಅನ್ನುವವರು, ಫೋಟೋ ಕಡೆ ನೋಡಿ, "ಅಷ್ಟು ಎತ್ತರ ನಿಂತು ನೋಡಿದವರಿಗೆ ಹಸಿರು ಬಿಟ್ಟು ಬೇರೆ ಬಣ್ಣ ಹಿಡಿಸುತ್ತಾ? ನೀವೇ ಹೇಳಿ" ಅಂದರು. ಅವನು ಗಂಭೀರವಾಗಿ, "ಹಸಿರು" ಅಂದ. ಹಸಿರು ಸೋಫಾ ಬಂತು. ಆಮೇಲೆ ಫ್ರಿಜ್ಜು ಕೊಂಡದ್ದೂ, ಮಗ ಹುಟ್ಟಿದಾಗ ಹೆಸರಿಟ್ಟದ್ದೂ ಹೀಗೇ. "ನಮ್ಮನೇಲಿ ಎಲ್ಲ ಇವರದೇ ತೀರ್ಮಾನ" ಅಂತ ಅತ್ತಿಗೆ ಬೀದಿಗೆಲ್ಲ ಹೇಳಿದರು. ಪಕ್ಕದ ಮನೆಯಾಕೆ ಮಗನಿಗೆ ಕೆಮ್ಮು ಬಂದರೂ ಗಿರಿರಾಯನನ್ನು ಕೇಳುತ್ತಿದ್ದರು. "ಎತ್ತರದ ಗಾಳಿ ಕುಡಿದವರು, ಅವರಿಗೆ ಗೊತ್ತಿರುತ್ತೆ." ಅವನು ಬಿಸಿನೀರು ಅನ್ನುತ್ತಿದ್ದ. ಕೆಮ್ಮು ಹೋಗುತ್ತಿತ್ತು. ಕೀರ್ತಿ ಬೆಳೆಯುತ್ತಿತ್ತು.

ಹೀಗಿರುವಾಗ ಗಿರಿರಾಯನ ಮಾವನವರು ನಿವೃತ್ತರಾಗಿ ಮಗಳ ಮನೆಗೆ ಬಂದರು.

ಆ ಭಾನುವಾರ ನಾನೂ ಅಲ್ಲಿ ಟೀ ಕುಡಿಯುತ್ತ ಹಸಿರು ಸೋಫಾದಲ್ಲಿ ಮುಳುಗಿದ್ದೆ. ಮಳೆ ಮುಗಿದು ಶರತ್ಕಾಲದ ತಣ್ಣನೆ ಗಾಳಿ ಕಿಟಕಿಯಿಂದ ಬರುತ್ತಿತ್ತು. ಮಾವ ಫೋಟೋದ ಮುಂದೆ ನಿಂತು, ಕೈಯನ್ನು ಹಿಂದೆ ಕಟ್ಟಿಕೊಂಡು, ಗಂಟಲು ಸರಿಮಾಡಿಕೊಂಡರು. ಅವರದು ಕಣಿವೆಯ ಆಚೆ ನಿಂತವನಿಗೂ ಕೇಳಿಸಬೇಕು ಅನ್ನುವಂಥ ಗಂಟಲು.

"ಅಳಿಯಂದಿರೇ. ಗಾಳಿ ಚೆನ್ನಾಗಿದೆ. ನನ್ನ ಮಂಡಿ ಇನ್ನೂ ನನ್ನ ಮಾತು ಕೇಳ್ತಿದೆ. ನೀವು ನಿಂತ ಈ ಜಾಗದಲ್ಲಿ ನಾನೂ ಒಂದ್ಸಲ ನಿಲ್ಲಬೇಕು. ಬರೋ ಭಾನುವಾರ ಹೋಗೋಣ."

ಗಿರಿರಾಯನ ಕೈಯಲ್ಲಿದ್ದ ಬಿಸ್ಕತ್ತು ಟೀಯೊಳಗೆ ಬಿದ್ದು ಮುಳುಗಿತು.

"ಮಾವ, ಈಗ ಅಲ್ಲಿ ತುಂಬಾ ಜಾರುತ್ತೆ."

"ಕೋಲು ತರ್ತೀನಿ."

"ಮಂಜು ಇರುತ್ತೆ."

"ಕಣ್ಣು ತರ್ತೀನಿ."

"ನನಗೆ ರಜೆ ಸಿಗಲ್ಲ."

"ಭಾನುವಾರ ಲಿಫ್ಟು ಬಂದ್ ಅಲ್ವೇನ್ರೀ?" ಅಂದರು ಅತ್ತಿಗೆ, ಒಳಗಿನಿಂದ.

ಮಾವ ನನ್ನ ಕಡೆ ತಿರುಗಿದರು. "ನೀವೂ ಬನ್ನಿ, ಕ್ಯಾಮೆರಾ ಸಮೇತ. ಇದೇ ಮರ, ಇದೇ ಕೆರೆ. ನಾನು, ಅಳಿಯಂದಿರು. ಒಂದು ಫೋಟೋ."

ಮರುದಿನ ಬೆಳಿಗ್ಗೆ ನಾನು ಲಿಫ್ಟು ಹತ್ತಿದೆ. ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ಗಿರಿರಾಯ ಹಿಡಿಕೆ ತಿರುಗಿಸಿ ಲಿಫ್ಟು ನಿಲ್ಲಿಸಿಬಿಟ್ಟ. ಒಂದು ಕಡೆ ಗೋಡೆ, ಇನ್ನೊಂದು ಕಡೆಯೂ ಗೋಡೆ, ನಡುವೆ ಅವನ ಮುಖ.

"ನೀನು ತೆಗೆದ ಫೋಟೋ. ನೀನೇ ಕಾಪಾಡಬೇಕು."

"ಹೋಗಿ ನಿಜ ಹೇಳಿಬಿಡು ಮಾರಾಯ."

"ಹೇಳಿ? ಆ ಮನೇಲಿ ನನ್ನ ಮಾತಿಗೆ ಬೆಲೆ ಇರೋದು ಅದೊಂದು ಮೊಳೆಗೆ ನೇತುಹಾಕಿರೋದರಿಂದ ಕಣೋ. ಅದನ್ನ ಕಿತ್ತರೆ ನಾನು ಯಾರು? ಸ್ಟೂಲಿನ ಮೇಲೆ ಕೂತವನು. ಮಾವ ನನ್ನ ಮುಖ ನೋಡ್ತಾರಾ? ಅವಳು ಇನ್ನೊಂದು ಸೋಫಾ ಕೊಳ್ಳುವಾಗ ನನ್ನನ್ನ ಕೇಳ್ತಾಳಾ?"

ಅಷ್ಟರಲ್ಲಿ ಮೂರನೇ ಮಹಡಿಯಿಂದ ಮನೆಗೆ ಹೋಗಬೇಕಿದ್ದ ಡಾಕ್ಟರ ರೋಗಿಯೊಬ್ಬರು, ಅರ್ಧ ಬಾಯಿ ಮರಗಟ್ಟಿದ್ದರೂ ಪೂರ್ತಿ ಸಿಟ್ಟಿನಿಂದ, "ಲಿಹ್ಟೂ! ಏ ಲಿಹ್ಟೂ!" ಅಂತ ಕೆಳಗಿನಿಂದ ಕೂಗತೊಡಗಿದರು. ನನಗೆ ತಡೆಯಲಾಗಲಿಲ್ಲ. ಅನುಕರಣೆ ನನ್ನ ದೌರ್ಬಲ್ಯ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿದವನು ನಾನು. ಮಾವನವರ ಗಂಟಲು ತಂದುಕೊಂಡು, "ಅಳಿಯಂದಿರೇ! ಕೆರೆ ಎಲ್ಲಿ?" ಅಂದೆ. ಗಿರಿರಾಯ ಸ್ಟೂಲಿನಿಂದ ಕೆಳಗೆ ಬಿದ್ದ.

ಆ ಬಿದ್ದ ಮುಖ ನೋಡಿದಾಗಲೇ ನನಗೆ ಉಪಾಯ ಹೊಳೆದದ್ದು. ನಾನು ಕೆಟ್ಟವನಲ್ಲ. ಉಪಾಯ ಮಾತ್ರ ಸ್ವಲ್ಪ ಹಾಗಿತ್ತು.

ಮಧ್ಯಾಹ್ನ ಡಾಕ್ಟರನ್ನೂ ಗಡಿಯಾರಣ್ಣನನ್ನೂ ಸ್ಟುಡಿಯೋಕ್ಕೆ ಕರೆಸಿ ಬಾಗಿಲು ಹಾಕಿದೆ. ಅಟ್ಟದ ಮೇಲೆ ವರ್ಷಗಳಿಂದ ಸುರುಳಿ ಸುತ್ತಿಕೊಂಡು ಮಲಗಿದ್ದ ಬೆಟ್ಟವನ್ನು ಕೆಳಗಿಳಿಸಿದೆವು. ಬಿಡಿಸಿದಾಗ ಧೂಳು, ಆಮೇಲೆ ಶಿಖರ ಎದ್ದಿತು.

"ಇದನ್ನ ಬೆಟ್ಟದ ತುದಿಗೆ ತಗೊಂಡು ಹೋಗಿ ಎರಡು ಮರದ ನಡುವೆ ಕಟ್ಟೋಣ," ಅಂದೆ. "ಗಿರಿರಾಯ ತಿರುವು ದಾಟಿ ಬಂದು ನೋಡ್ಬೇಕು. ಅವನ ಸುಳ್ಳು ಅವನಿಗೇ ಎದುರಾಗ್ಬೇಕು. ಆ ಮುಖ ನೋಡ್ಬೇಕು ನಾವು!"

ಡಾಕ್ಟರು ಹಕ್ಕಿಯ ಹತ್ತಿರ ಬಗ್ಗಿ ನೋಡಿ, "ಇದಕ್ಕೆ ದವಡೆ ಊತ," ಅಂದರು.

ಗಡಿಯಾರಣ್ಣ ನಿಧಾನಸ್ಥ. ಮುಳ್ಳು ಹಿಡಿಯುವ ಬೆರಳುಗಳಲ್ಲಿ ಗಡ್ಡ ಹಿಡಿದು, "ಮಾವನವರ ಎದುರು ಅವನ ಮಾನ ಹೋದ್ರೆ?" ಅಂದ.

"ಮಾವನವರನ್ನ ಹಿಂದೆ ಉಳಿಸ್ಕೊಳ್ಳೋದು ನನ್ನ ಜವಾಬ್ದಾರಿ," ಅಂದೆ, ಎದೆ ತಟ್ಟಿ. "ವಯಸ್ಸಾದವರು. ದಾರಿಯಲ್ಲಿ ನಾಲ್ಕು ಹೂವು ತೋರಿಸಿದರೆ ಆಯ್ತು."

ಭಾನುವಾರ ಬೆಳಿಗ್ಗೆ ಗಿರಿರಾಯನನ್ನು ಕಳಿಸಿಕೊಡಲು ಬೀದಿಯೇ ಸೇರಿತ್ತು. ಒಬ್ಬರು ಮಳೆಯಂಗಿ ಕೊಟ್ಟರು. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುವ ಹಗ್ಗವನ್ನು ಕ್ಲಿಪ್ಪು ಸಮೇತ ಬಿಚ್ಚಿ ತಂದು ಅವನ ಹೆಗಲಿಗೆ ಹಾಕಿದರು. ಎದುರುಮನೆಯ ಡ್ರಿಲ್ ಮಾಸ್ತರು ಕೊರಳಿಗೆ ಸೀಟಿ ಕಟ್ಟಿ, "ಪ್ರಪಾತಕ್ಕೆ ಬೀಳುವಾಗ ಮೂರು ಸಲ ಊದಿ" ಅಂತ ಧೈರ್ಯ ಹೇಳಿದರು. ಅತ್ತಿಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಫ್ಲಾಸ್ಕು ಕೊಟ್ಟು, "ಅಪ್ಪನ್ನ ಜೋಪಾನ" ಅಂದರು. ಯಾರು ಯಾರನ್ನು ನೋಡಿಕೊಳ್ಳಬೇಕು ಅಂತ ಬಿಡಿಸಿ ಹೇಳಲಿಲ್ಲ.

ಬಸ್ಸಿಳಿದು ಬೆಟ್ಟದ ಬುಡದಲ್ಲಿ ನಿಂತಾಗ ಮಾವನವರ ಕಣ್ಣು ನಮ್ಮ ಉದ್ದನೆಯ ಸುರುಳಿಯ ಮೇಲೆ ಬಿತ್ತು.

"ಏನಿದು?"

"ಟೆಂಟು," ಅಂದರು ಡಾಕ್ಟರು, ನೋವಾಗುವುದಿಲ್ಲ ಅನ್ನುವಾಗ ಬಳಸುವ ದನಿಯಲ್ಲಿ.

ಮಾವ ಸುರುಳಿಯ ಹತ್ತಿರ ಬಂದು ಮೂಗರಳಿಸಿದರು. "ಭಾರ ಇರೋ ಹಾಗಿದೆ. ನಾನು ಹೊರ್ಲಾ?"

"ನೀವಾ? ನಾನಿರುವಾಗ?" ಅಂದ ಗಿರಿರಾಯ. ನಾವು ತಡೆಯುವ ಮೊದಲೇ ಸುರುಳಿಯನ್ನು ಕಿತ್ತುಕೊಂಡು ಹೆಗಲಿಗೇರಿಸಿದ. "ಬೆಟ್ಟ ಹತ್ತುವವನಿಗೆ ಹೊರೆ ಇದ್ರೇನೇ ಲಯ ಸಿಗೋದು ಮಾವ."

ಹೀಗೆ, ಓದುಗರೇ, ಗಿರಿರಾಯ ತನ್ನ ಸುಳ್ಳನ್ನು ತಾನೇ ಹೊತ್ತುಕೊಂಡು ಬೆಟ್ಟ ಹತ್ತತೊಡಗಿದ. ಇದನ್ನು ನಾವು ಯೋಜಿಸಿರಲಿಲ್ಲ. ಕೆಲವು ಸೌಭಾಗ್ಯಗಳು ತಾವಾಗಿ ಬರುತ್ತವೆ.

ದಾರಿಯ ಎರಡೂ ಬದಿ ಹಳದಿ ಎಲೆ ಉದುರಿ ಕಾಲ ಕೆಳಗೆ ಚರಚರ ಅನ್ನುತ್ತಿತ್ತು. ಮೊದಲ ತಿರುವಿನವರೆಗೆ ಗಿರಿರಾಯ ಸೀಟಿ ಊದುತ್ತ ನಾಯಕನಾಗಿದ್ದ. ಎರಡನೇ ತಿರುವಿನಲ್ಲಿ ನಾಯಕ ಎಲೆಗಳ ಮೇಲೆ ಕೂತು ಬೂಟಿನ ದಾರ ಕಟ್ಟಿದ. ಮೂರನೆಯದರಲ್ಲಿ ಅದೇ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ. ಆಮೇಲೆ ಪ್ರತಿ ತಿರುವಿನಲ್ಲೂ ಏದುಸಿರು ಬಿಡುತ್ತ, ಅಭ್ಯಾಸಬಲದಿಂದ, "ಯಾವ ಮಹಡಿ?" ಅಂತ ಕೇಳುತ್ತಿದ್ದ.

ಮಾವನವರನ್ನು ಹಿಂದೆ ಉಳಿಸಿಕೊಳ್ಳುವ ನನ್ನ ಜವಾಬ್ದಾರಿಯ ಸುದ್ದಿ ಕೇಳಿ. ನಾನು ಹೂವು ತೋರಿಸಿದೆ. ಅವರು ನಡೆಯುತ್ತಲೇ ಅದರ ಹೆಸರು ಹೇಳಿದರು. ಮಂಡಿ ನೋವು ಅಂದೆ. "ಹೌದಾ? ಹಾಗಾದ್ರೆ ನೀವು ಕೂತ್ಕೊಳ್ಳಿ" ಅಂತ ನನ್ನನ್ನು ದಾಟಿಹೋದರು. ಮೇಕೆಯ ಕಾಲು, ಆನೆಯ ಶ್ವಾಸಕೋಶ. ನಾನು ಅವರ ಬೆನ್ನನ್ನು ಬಿಟ್ಟರೆ ಆ ಬೆಟ್ಟದಲ್ಲಿ ಬೇರೇನೂ ನೋಡಲಿಲ್ಲ.

ಪ್ರಶ್ನೆಗಳು ಮಾತ್ರ ಹಿಂದಿನಿಂದ ಗಿರಿರಾಯನ ಕುತ್ತಿಗೆಗೆ ಬಂದು ಬೀಳುತ್ತಲೇ ಇದ್ದವು.

"ಅಳಿಯಂದಿರೇ, ಕೆರೆ ಯಾವ ಕಡೆ?"

"ಮೇಲಿದೆ ಮಾವ. ಬೇಸಿಗೇಲಿ ಒಣಗುತ್ತೆ."

"ಮಳೆ ಮುಗಿದು ತಿಂಗಳಾಗಿಲ್ಲವಲ್ಲ."

"ಆ ಕೆರೆ ಸ್ವಲ್ಪ ತಡವಾಗಿ ತುಂಬುತ್ತೆ."

"ಆ ಸೊಟ್ಟ ಮರ?"

"ಇರುತ್ತೆ. ಈಗ ನೆಟ್ಟಗಾಗಿದ್ರೂ ಆಗಿರಬಹುದು. ಎಂಟು ವರ್ಷ ಅಲ್ವಾ?"

ಮೇಲಿನಿಂದ ಇಳಿದು ಬರುತ್ತಿದ್ದ ಗಂಡಹೆಂಡಿರನ್ನು ನಿಲ್ಲಿಸಿ ಗಿರಿರಾಯ ಗತ್ತಿನಿಂದ ಕೇಳಿದ: "ಹೇಗಿದೆ ಮೇಲೆ? ಎಲ್ಲ ಹಾಗೇ ಇದೆಯಾ?"

"ಹಾಗೇ ಅಂದ್ರೆ? ಮಂಜು ಬಿಟ್ರೆ ಏನೂ ಇಲ್ಲ ಅಲ್ಲಿ," ಅಂದ ಗಂಡ.

"ಮಂಜು! ನಾನು ಹೇಳಿದ್ನಲ್ಲ ಮಾವ, ಮಂಜು ಇರುತ್ತೆ ಅಂತ!" ಇಡೀ ದಿನದಲ್ಲಿ ಅವನು ಆಡಿದ ಮೊದಲ ಸತ್ಯವಾದ್ದರಿಂದ ಅದನ್ನು ಎರಡು ಸಲ ಹೇಳಿದ.

ತುದಿಗೆ ಇನ್ನೊಂದೇ ತಿರುವು ಇರುವಾಗ ಅವನು ಒಂದು ಬಂಡೆಯ ಮೇಲೆ ಒರಗಿದ. ಸುರುಳಿ ಹೆಗಲಿಂದ ಜಾರಿತು. "ನಾವು ಮುಂದೆ ಹೋಗಿ ಟೆಂಟು ಹಾಕ್ತೀವಿ" ಅಂತ ಡಾಕ್ಟರೂ ಗಡಿಯಾರಣ್ಣನೂ ಅದನ್ನೆತ್ತಿಕೊಂಡು ಮಂಜಿನೊಳಗೆ ಮಾಯವಾದರು. ಹೋಗುವಾಗ ಗಡಿಯಾರಣ್ಣ ಬಟ್ಟೆಯ ಹಗ್ಗವನ್ನೂ ಕ್ಲಿಪ್ಪುಗಳನ್ನೂ ಮರೆಯದೆ ತೆಗೆದುಕೊಂಡ. ನಾನು ಮಾವನವರ ಕೈಗೆ ಟೀ ಕೊಟ್ಟು, ಅವರು ಕುಡಿದ ಕೂಡಲೇ ಮತ್ತೆ ಕೊಟ್ಟು, ಆಮೇಲೆ ಮೊಟ್ಟೆ ಕೊಟ್ಟು ಹಿಡಿದಿಟ್ಟೆ.

ಗಿರಿರಾಯ ನನ್ನ ತೋಳು ಹಿಡಿದು ಪಕ್ಕಕ್ಕೆಳೆದ. ಬೆವರಿಗೂ ಮಂಜಿಗೂ ಅವನ ಕನ್ನಡಕ ಪೂರ್ತಿ ಬಿಳಿಯಾಗಿತ್ತು.

"ಇನ್ನಾಗಲ್ಲ ಕಣೋ. ತಿರುವು ಮುಗಿದ್ರೆ ಬೆಟ್ಟ ಮುಗೀತು, ನಾನೂ ಮುಗಿದೆ. ಹೇಳಿಬಿಡ್ತೀನಿ."

"ಏಯ್, ಸ್ವಲ್ಪ ತಡಿ!" ನನಗೆ ದಿಗಿಲಾಯಿತು. ನಿಜ ಹೇಳಿ ನಮ್ಮ ತಮಾಷೆ ಹಾಳುಮಾಡುವಷ್ಟು ನೀಚ ಅವನು ಅಂತ ನಾನು ಭಾವಿಸಿರಲಿಲ್ಲ.

ಅವನು ತಡೆಯಲಿಲ್ಲ. ನೆಟ್ಟಗೆ ಮಾವನವರ ಹತ್ತಿರ ಹೋಗಿ, ಅವರನ್ನು ಕೈಹಿಡಿದು ಎಬ್ಬಿಸಿ, ತಿರುವಿನವರೆಗೆ ನಡೆಸಿಕೊಂಡು ಹೋದ. ನಾನು ಕೈಯಲ್ಲಿ ಮೊಟ್ಟೆ ಹಿಡಿದು ಹಿಂದೆ ಓಡಿದೆ.

"ಮಾವ. ಎಂಟು ವರ್ಷದಿಂದ ನಿಮಗೆ ಒಂದು ಮಾತು ಹೇಳ್ಬೇಕು ಅಂತ..."

"ಹೇಳಿ ಅಳಿಯಂದಿರೇ."

"ಆ ಫೋಟೋದಲ್ಲಿರೋ ಮರ, ಆ ಕೆರೆ, ಅದೆಲ್ಲ..."

ಆಗ ಗಾಳಿ ಬೀಸಿತು. ಮಂಜು ಬಾಗಿಲ ಪರದೆಯಂತೆ ಸರಿಯಿತು. ಎದುರಿಗೆ ಕೆಂಪೆಲೆಯ ಸೊಟ್ಟ ಮರ, ಅದರ ಪಕ್ಕ ನೀಲಿ ಕೆರೆ, ಹಿಂದೆ ಶಿಖರ.

ಗಿರಿರಾಯನ ಬಾಯಿ ತೆರೆದದ್ದು ತೆರೆದೇ ಇತ್ತು. ಒಂದು ಕ್ಷಣ ಆ ಮುಖದಲ್ಲಿ ಏನೇನು ಹಾದುಹೋಯಿತೋ, ಅದನ್ನು ನೋಡಲೆಂದೇ ಇಷ್ಟೆಲ್ಲ ಕಷ್ಟಪಟ್ಟ ನಾನು ಮೊಟ್ಟೆ ಬೀಳಿಸಿಕೊಂಡು ಬಗ್ಗಿದ್ದರಿಂದ ತಪ್ಪಿಸಿಕೊಂಡೆ. ತಲೆಯೆತ್ತುವಷ್ಟರಲ್ಲಿ ಅವನ ಬೆನ್ನು ನೆಟ್ಟಗಾಗಿತ್ತು.

"...ಅದೆಲ್ಲ ಅಲ್ಲೇ ಇದೆ ನೋಡಿ ಮಾವ!" ಅಂದ.

ಪರದೆಯನ್ನು ಪರದೆ ಅಂತ ಗುರುತಿಸಿ ಪೆಚ್ಚಾಗುತ್ತಾನೆ ಅನ್ನುವುದು ನಮ್ಮ ಲೆಕ್ಕ. ಬಿಳಿಯಾದ ಕನ್ನಡಕ, ಕಳೆದುಹೋದ ಉಸಿರು, ಒಳಗಿನ ಆಸೆ, ಇವು ಸೇರಿದರೆ ಏನಾಗುತ್ತದೆ ಅನ್ನುವುದನ್ನು ನಾವು ಲೆಕ್ಕ ಹಾಕಿರಲಿಲ್ಲ. ಗಿರಿರಾಯ ನಂಬಿಬಿಟ್ಟ. ತಾನು ಇಲ್ಲಿಗೆ ಬಂದಿದ್ದೆ ಅಂತಲೇ ನಂಬಿಬಿಟ್ಟ! ಸೀಟಿ ಊದಿದ. ಕೈ ಚಾಚಿ ಪ್ರವಚನ ಶುರುಮಾಡಿದ.

"ನೋಡಿದ್ರಾ ಕೆರೆ? ತುಂಬಿದೆ! ತಡವಾಗಿ ತುಂಬುತ್ತೆ ಅಂದೆನೋ ಇಲ್ವೋ? ಮರ ನೋಡಿ, ನೆಟ್ಟಗಾಗಿಲ್ಲ, ಹಟಮಾರಿ! ಓ, ಅದೇ ಹಕ್ಕಿ! ಎಂಟು ವರ್ಷದಿಂದ ಅಲ್ಲೇ ಹಾರ್ತಿದೆ, ಪಾಪ!"

"ಸ್ವಲ್ಪ ದಪ್ಪಗಾಗಿದೆ," ಅಂದರು ಮಾವ.

"ಎತ್ತರದ ಗಾಳಿ ಮಾವ! ಅವತ್ತು ನಾನು ಒಬ್ಬನೇ ಇದೇ ಮರಕ್ಕೆ ಒರಗಿ ನಿಂತು, ಏನು ಯೋಚನೆ ಮಾಡಿದೆ ಗೊತ್ತಾ?" ಅನ್ನುತ್ತ ದಾಪುಗಾಲು ಹಾಕಿಕೊಂಡು ಹೋಗಿ, ನಮ್ಮ ಕಡೆ ತಿರುಗಿ, ಒಂದು ಕಾಲು ಮುಂದಿಟ್ಟು, ಸೊಟ್ಟ ಮರಕ್ಕೆ ಗತ್ತಾಗಿ ಒರಗಿದ.

ಮರ ಒಪ್ಪಲಿಲ್ಲ. ಪಟಪಟ ಅಂತ ಕ್ಲಿಪ್ಪುಗಳು ಹಾರಿದವು. ಕೆರೆ, ಶಿಖರ, ಆಕಾಶ ಎಲ್ಲ ಗಿರಿರಾಯನನ್ನು ಸುತ್ತಿಕೊಂಡು ಹುಲ್ಲಿನ ಮೇಲೆ ಬಿದ್ದವು. ಶಿಖರವಿದ್ದ ಜಾಗದಲ್ಲಿ ಡಾಕ್ಟರು ಒಂದು ಕಡೆ, ಗಡಿಯಾರಣ್ಣ ಇನ್ನೊಂದು ಕಡೆ, ಕೈಯಲ್ಲಿ ಹಗ್ಗದ ತುದಿ ಹಿಡಿದು, ಪೊಲೀಸರಿಗೆ ಸಿಕ್ಕಿಬಿದ್ದ ಕಳ್ಳರಂತೆ ನಿಂತಿದ್ದರು.

ಬಟ್ಟೆಯ ರಾಶಿಯೊಳಗಿನ ಉಬ್ಬು ಅಲುಗಾಡಲಿಲ್ಲ. "ಸರ್, ತಪ್ಪು ನಮ್ಮದು, ಅವನದೇನೂ..." ಅಂತ ನಾನು ತೊದಲಿದೆ.

ಮಾವ ನನ್ನ ಕಡೆ ನೋಡಲೂ ಇಲ್ಲ. ಬಟ್ಟೆಯ ರಾಶಿಯ ಪಕ್ಕ ಆರಾಮವಾಗಿ ಕುಕ್ಕರುಗಾಲಲ್ಲಿ ಕೂತರು.

"ಅಳಿಯಂದಿರೇ. ಪೆಟ್ಟಾಯ್ತಾ?"

"ಇಲ್ಲ ಮಾವ," ಅಂದಿತು ಉಬ್ಬು, ಸಣ್ಣ ದನಿಯಲ್ಲಿ. "ನಾನು ಇಲ್ಲೇ ಇದ್ದುಬಿಡ್ತೀನಿ. ನೀವು ಮನೆಗೆ ಹೋಗಿ."

"ಫೋಟೋ ಬಂದ ದಿನವೇ ನನಗೆ ಗೊತ್ತಾಗಿತ್ತು ಕಣ್ರೀ. ಮರದ ನೆರಳು ಎಡಕ್ಕೆ ಬಿದ್ದಿದೆ. ನಿಮ್ಮ ನೆರಳು ಬಲಕ್ಕೆ ಬಿದ್ದು, ಕೆರೆ ದಾಟಿ, ಸೀದಾ ಶಿಖರದ ಮೇಲೆ ಹತ್ತಿ ಕೂತಿದೆ. ಎರಡು ಸೂರ್ಯ ಇರೋ ಊರನ್ನ ನಾನು ಯಾವತ್ತೂ ಅಳತೆ ಮಾಡಿಲ್ಲ."

ಎಂಟು ವರ್ಷದಿಂದ ಸ್ಟುಡಿಯೋ ನಡೆಸುವವನು, ದೀಪ ಹಾಕಿದವನು, ಅಂದರೆ ನಾನು, ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ.

"ಗೊತ್ತಿದ್ದೂ ಮಗಳನ್ನ ಕೊಟ್ರಾ?" ಅಂದಿತು ಉಬ್ಬು.

"ಅದಕ್ಕೇ ಕೊಟ್ಟೆ. ನಾನು ನಿಜವಾದ ಬೆಟ್ಟ ಹತ್ತಿದವನು. ತಿಂಗಳುಗಟ್ಟಲೆ ಗುಡಾರದಲ್ಲಿ. ಇವಳಮ್ಮ ಊಟ ಮುಚ್ಚಿಟ್ಟು ಬಾಗಿಲು ನೋಡಿಕೊಂಡು ಕೂತೇ ಆಯುಷ್ಯ ಕಳೆದಳು. ಮಗಳಿಗೆ ಅಂಥವನು ಬೇಡ ಅನ್ನಿಸ್ತು. ಐದನೇ ಮಹಡಿಯ ಬೆಟ್ಟ ಹತ್ತಿ ಊಟದ ಹೊತ್ತಿಗೆ ಮನೆಗೆ ಬರೋ ಹುಡುಗ ಸಿಕ್ಕಿದ. ಬಿಡ್ತೀನಾ?"

"ಮತ್ತೆ ಇವತ್ತು ಯಾಕೆ ಹತ್ತಿಸಿದ್ರಿ?"

"ಎಷ್ಟು ದೂರ ಹೊರ್ತೀರಿ ನೋಡೋಣ ಅಂತ. ಟೆಂಟಿಗೆ ಎಲ್ಲಾದ್ರೂ ಪೇಂಟಿನ ವಾಸನೆ ಇರುತ್ತಾ? ಬುಡದಲ್ಲೇ ಗೊತ್ತಾಯ್ತು ನನಗೆ." ಮಾವ ನಮ್ಮ ಮೂವರ ಕಡೆ ಒಂದು ಸಲ ಕಣ್ಣು ಹಾಯಿಸಿದರು. ನಾವು ಮೂವರೂ ಬೇರೆ ಬೇರೆ ದಿಕ್ಕಿನ ಪ್ರಕೃತಿ ಸೌಂದರ್ಯ ನೋಡಿದೆವು. "ಭಾರ ನಾನು ಹೊರ್ಲಾ ಅಂದೆ. ನೀವು ಬಿಡ್ಲಿಲ್ಲ. ತುದಿವರೆಗೂ ಹೊತ್ರಿ. ಆಮೇಲೆ ಹೇಳೋಕೂ ಬಂದ್ರಿ. ಗಾಳಿ ಕೆಡಿಸ್ತು, ಅದು ನಿಮ್ಮ ತಪ್ಪಲ್ಲ."

ಉಬ್ಬು ಮಾವನವರ ಕಡೆಗೆ ಹೊರಳಿತು.

"ಮಾವ... ಅವಳಿಗೆ?"

"ಹಕ್ಕಿಯನ್ನ ಮೊದಲು ನೋಡಿದ್ದೇ ಅವಳು. 'ಅಪ್ಪಾ, ಶಿಖರದ ಮೇಲೆ ಕೋಳಿ ಹಾರ್ತಿದೆ, ಇವರನ್ನೇ ಮಾಡ್ಕೋತೀನಿ' ಅಂದ್ಲು."

"ಹಾಗಾದ್ರೆ ಹಸಿರು ಸೋಫಾ?"

"ಅವಳಿಗೆ ಬೇಕಿತ್ತು."

"ಫ್ರಿಜ್ಜು?"

"ಅವಳದೇ."

"ಮಗನ ಹೆಸರು? ಅದನ್ನಂತೂ ನಾನೇ ಇಟ್ಟಿದ್ದು!"

"ಅದು ನನ್ನದು," ಅಂದರು ಮಾವ. "ನಿಮ್ಮ ಬಾಯಲ್ಲಿ ಬರೋ ಹಾಗೆ ಅವಳು ನೋಡ್ಕೊಂಡ್ಲು."

ಮೊದಲು ಕೆರೆಯ ಅಂಚು ನಡುಗಿತು. ಅಳುತ್ತಿದ್ದಾನೆ ಅಂದುಕೊಂಡು ಗಡಿಯಾರಣ್ಣ ಓಡಿಬಂದ. ಆಮೇಲೆ ಕೆರೆಯಲ್ಲಿ ಅಲೆಗಳೆದ್ದವು. ಶಿಖರ ಕುಲುಕಾಡಿತು. ಬಟ್ಟೆಯೊಳಗಿನಿಂದ ಮೊದಲು ಗೊರಗೊರ, ಆಮೇಲೆ ಕೆಟ್ಟ ಲಿಫ್ಟು ಏಳು ಮಹಡಿಯಿಂದ ಒಮ್ಮೆಗೇ ಜಾರಿ ಬಂದಂಥ ಒಂದು ನಗು ಹೊರಟಿತು. ಡಾಕ್ಟರು ನಕ್ಕರು, ನಾನು ನಕ್ಕೆ, ಮಾವನವರು ತಮ್ಮ ಕಣಿವೆ ದಾಟುವ ಗಂಟಲಿನಲ್ಲಿ ನಕ್ಕರು. ಆದರೆ ಒಳಗಿನ ನಗುವಿನ ಮುಂದೆ ಯಾವುದೂ ಕೇಳಿಸಲಿಲ್ಲ. ಅವನು ಹೊಟ್ಟೆ ಹಿಡಿದು ಉರುಳಾಡುತ್ತ, ಕೊರಳಿನ ಸೀಟಿ ಬಾಯಿಗೆ ಸಿಕ್ಕಿ ಪ್ರತಿ ಉಸಿರಿಗೂ ಅದನ್ನೂ ಊದುತ್ತ, "ಹಸಿರು ಸೋಫಾ! ಅಯ್ಯೋ, ಹಸಿರು ಸೋಫಾ!" ಅಂತ ನಗುತ್ತಲೇ ಇದ್ದ. ಅವನ ಬೆನ್ನಿನ ಮೇಲೆ ನನ್ನ ಸೋದರಮಾವನ ಆ ದಪ್ಪ ಹಕ್ಕಿ ಇಷ್ಟು ವರ್ಷದಲ್ಲಿ ಮೊದಲ ಸಲ ರೆಕ್ಕೆ ಬಡಿಯಿತು.